ಗೋಡೆಯಿಲ್ಲದ ಬಾಗಿಲು

ಕಿರ್ರ್... ಟಪ್.

ಮೊನ್ನೆ ಜಮಖಂಡಿ ಬಜಾರಿನಲ್ಲಿ, ಹಳೇ ಕಟ್ಟಿಗೆ ಸಾಮಾನು ಮಾರುವ ಅಂಗಡಿಯ ಮುಂದೆ ಯಾರೋ ಒಂದು ಬಾಗಿಲಿನ ಮರದ ಅಗಳಿಯನ್ನು ಎಳೆದು, ಮತ್ತೆ ದೂಡಿ ನೋಡುತ್ತಿದ್ದರು. ಮೆಂತ್ಯಪಲ್ಲೆ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ನನ್ನ ಪಾಲಿಗೆ ಅದು ಹಿಸ್ಟರಿ ಪೀರಿಯಡ್ ಶುರುವಾಗುವ ಸಪ್ಪಳ.

ಆಲಮಟ್ಟಿಯ ಹಿನ್ನೀರು ಬೀಳಗಿ ತಾಲೂಕಿನ ಊರುಗಳ ಒಳಗೆ ಬರುತ್ತಿದ್ದ ವರ್ಷಗಳವು. ಊರು ಕಳೆದುಕೊಂಡವರಿಗೆಂದು ಕಟ್ಟಿದ ಹೊಸ ಊರಿನ ಹೈಸ್ಕೂಲಿನಲ್ಲಿ ನಾನು ಇಂಗ್ಲಿಷ್ ಟೀಚರ್. ಬೆಳಗಾವಿಯ ಕಾನ್ವೆಂಟಿನಲ್ಲಿ ಸಿಸ್ಟರುಗಳ ಕೈಯಲ್ಲಿ ಡಿಸಿಪ್ಲಿನ್ ಕಲಿತು ಬಂದವಳಿಗೆ ಇಲ್ಲಿ ಸಿಕ್ಕಿದ್ದು ಒಂದು ಉದ್ದನೆಯ ತಗಡಿನ ಶೆಡ್. ಒಂಬತ್ತನೇ ಮತ್ತು ಹತ್ತನೇ ತರಗತಿಗಳ ನಡುವೆ ಗೋಡೆಯೇ ಇರಲಿಲ್ಲ. ನನ್ನ ಗ್ರಾಮರ್ ಅತ್ತ ಹೋಗುತ್ತಿತ್ತು, ಅತ್ತಲಿನ ಅಲ್‌ಜೀಬ್ರಾ ಇತ್ತ ಬರುತ್ತಿತ್ತು.

ಆ ಶೆಡ್ಡಿಗೆ ಒಂದು ಮುಂಜಾನೆ ನಮ್ಮ ಹಿಸ್ಟರಿ ಸರ್ ಚಕ್ಕಡಿಯಲ್ಲಿ ತಮ್ಮ ಮನೆಯ ಬಾಗಿಲನ್ನೇ ಹೇರಿಕೊಂಡು ಬಂದರು. ಊರು ಬಿಡುವಾಗ ಎಲ್ಲರೂ ಮನೆ ಬಿಚ್ಚಿ ತೊಲೆ, ಕಂಬ, ಬಾಗಿಲು ತರುತ್ತಿದ್ದರು, ಹೊಸ ಮನೆಗೆ ಕೂಡಿಸಲು. ಸರ್ ಅವರ ಹೊಸ ಮನೆಯ ಗೋಡೆ ಇನ್ನೂ ಎದ್ದಿರಲಿಲ್ಲ. ಚೌಕಟ್ಟು, ಹೊಸ್ತಿಲು ಸಮೇತ ಬಾಗಿಲನ್ನು ಎರಡು ಕ್ಲಾಸುಗಳ ನಡುವೆ ನಿಲ್ಲಿಸಿ, ಎರಡೂ ಕಡೆ ಕಲ್ಲು ಒಟ್ಟಿ ಕೈ ಝಾಡಿಸಿಕೊಂಡರು.

"ಗ್ವಾಡಿ ಇಲ್ದ ಬಾಗಲಾ ತಗೊಂಡ ಏನ್ ಮಾಡ್ತೀರಿ ಸರ?" ಹೆಡ್‌ಮಾಸ್ತರರು ನಕ್ಕರು.

"ಗ್ವಾಡಿ ಗೌರ್ಮೆಂಟ್ ಕಟ್ಟಲಿ ಬಿಡ್ರಿ. ನನ್ನ ಪಾಲಿಂದು ನಾ ತಂದೇನಿ."

ಬಳಸಿಕೊಂಡು ಬರಲು ಎರಡೂ ಕಡೆ ಬೇಕಾದಷ್ಟು ಜಾಗವಿತ್ತು. ಒಬ್ಬ ಹುಡುಗನೂ ಬಳಸಿ ಬರಲಿಲ್ಲ! ಸರ್ ಅಗಳಿ ಎಳೆದು, "ಬರ್ರಿಲೇ ಒಳಗ, ಇವತ್ತ ಬಾದಾಮಿಗೆ ಹೋಗೂಣು" ಅನ್ನುತ್ತಿದ್ದರು. ಹೊಸ್ತಿಲು ದಾಟಿದರೆ ಚಾಲುಕ್ಯರ ಕಾಲ. ಪೀರಿಯಡ್ ಮುಗಿದ ಮೇಲೆ ಚಾಲುಕ್ಯರನ್ನು ಒಳಗೇ ಬಿಟ್ಟು ಅಗಳಿ ಹಾಕುವುದು. ಬಾಗಿಲು ಬರುವ ಮೊದಲು ಅರ್ಧ ಕ್ಲಾಸು ಹಳೇ ಊರಿಗೆ ನೀರು ಎಲ್ಲಿವರೆಗೆ ಬಂತೆಂದು ನೋಡಲು ಓಡಿಹೋಗುತ್ತಿತ್ತು. ಬಂದ ಮೇಲೆ ಬೆಂಚುಗಳು ತುಂಬತೊಡಗಿದವು.

ಒಮ್ಮೆ ಚಹಾ ಕುಡಿಯುತ್ತ ಕೇಳಿದೆ, "ವೈ ಹಿಸ್ಟರಿ, ಸರ್? ಸೈನ್ಸ್ ಮಾಸ್ತರಾದರೆ ಟ್ಯೂಷನ್ನಾದರೂ ಸಿಗುತ್ತಿತ್ತು."

ಅವರದು ಬೀರೇಶ್ವರನಿಗೆ ನಡೆದುಕೊಳ್ಳುವ, ಕುರಿ ಕಾಯುವ ಮನೆತನ. ಸಣ್ಣವರಿದ್ದಾಗ ಇತಿಹಾಸದ ಪುಸ್ತಕ ತಿರುವಿಹಾಕಿ, ನಮ್ಮೂರು ಯಾವ ಪುಟದಲ್ಲಿದೆ ಎಂದು ಮಾಸ್ತರರನ್ನು ಕೇಳಿದ್ದರಂತೆ. ಇಡೀ ಕ್ಲಾಸು ನಕ್ಕಿತು. ಮಾಸ್ತರರೂ ನಕ್ಕರು.

"ಅವತ್ತ ಠರಾಯಿಸಿದ್ನಿ ಅಕ್ಕೋರ, ನಾನೂ ಹಿಸ್ಟರಿ ಮಾಸ್ತರ ಆಗಬೇಕಂತ. ಹಂಗ ಕೇಳಿದ ಹುಡುಗನ್ನ ನೋಡಿ ನಗಲಾರದವ ಒಬ್ಬನರೆ ಇರಬೇಕಲ್ಲ?"

ಹೊಸ ಮನೆ ಎದ್ದ ಮೇಲೆ ಪೇಚಿಗಿಟ್ಟುಕೊಂಡಿತು. ಸರ್ ಅವರ ತಾಯಿ ಮುಧೋಳದಲ್ಲಿ ಮಗಳ ಮನೆಯಲ್ಲಿದ್ದರು. ಹಳೇ ಬಾಗಿಲು ಬರುವತನಕ ಹೊಸ ಮನೆಯಲ್ಲಿ ಕಾಲಿಡುವುದಿಲ್ಲ ಎಂದು ಹೇಳಿಕಳಿಸಿದರು. ಬಾಗಿಲು ಒಯ್ದರೆ ಪರೀಕ್ಷೆಯ ಹೊತ್ತಿಗೆ ಹತ್ತನೇ ಕ್ಲಾಸು ಮತ್ತೆ ಚದುರುತ್ತದೆ. ಒಯ್ಯದಿದ್ದರೆ ಮುಪ್ಪಿನ ತಾಯಿ ಮನೆಗೆ ಬರುವುದಿಲ್ಲ.

"ಯಾರಿಗೆ ಇಲ್ಲ ಅನ್ಲಿ ಅಕ್ಕೋರ?" ಸದಾ ನಗುವ ಮನುಷ್ಯ ಒಂದು ವಾರ ಚಾಲುಕ್ಯರನ್ನೇ ಮರೆತಂತಿದ್ದರು...

ಒಂದು ಮಧ್ಯಾಹ್ನ ಆ ತಾಯಿ ತಾವೇ ಬಸ್ಸಿಳಿದು ಬಂದುಬಿಟ್ಟರು. ಸಿಟ್ಟಿನಿಂದ ಬಂದವರು ಬಾಗಿಲ ಮುಂದೆ ಗಕ್ಕನೆ ನಿಂತು, ಬಗ್ಗಿ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡರು. ಆಮೇಲೆ ಮಗನ ಕಡೆ ತಿರುಗಿದರು.

"ಏನಲೇ, ಮನ್ಯಾಗ ಹಚ್ಚೂದು ಬಿಟ್ಟ ಸಾಲ್ಯಾಗ ನಾಟಕ ಹಚ್ಚೀಯೇನು?"

ಸರ್ ಬಾಯಿ ತೆರೆಯುವ ಮೊದಲೇ ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. "ಯಮ್ಮಾ, ಈ ಚೌಕಟ್ಟಿನ ಮ್ಯಾಲೆ ಗೀರ ಯಾಕ ಅದಾವ್ರಿ? ಸರ್‌ಗೂ ಗೊತ್ತಿಲ್ಲಂತ."

ಮುದುಕಿ ಗೀರುಗಳ ಮೇಲೆ ಕೈಯಾಡಿಸಿದರು. "ಇವನಿಗೇನ ಗೊತ್ತಾಗತೈತಿ ಬೇ? ನಮ್ಮ ಮಾವ ಕುರಿ ಹೊಡಕೊಂಡ ತಿಂಗಳಗಟ್ಟಲೆ ಹೋಗಾವ. ತಿರುಗಿ ಬಂದಾಗೊಮ್ಮೆ ಕುಡಗೋಲ್ಲೆ ಒಂದ ಗೀರ ಹಾಕಾವ. ಬಂದದ್ದಕ್ಕ ಗೀರ. ಹೋದದ್ದಕ್ಕ ಇಲ್ಲ."

ಪೀರಿಯಡ್ ಮುಗಿದರೂ ಅವರ ಮಾತು ಮುಗಿಯಲಿಲ್ಲ. ಸರ್ ತಾವೇ ಹುಡುಗರ ಸಾಲಿನಲ್ಲಿ ಕೂತು ಕೇಳಿದರು. ಐ ಸ್ಟಿಲ್ ರಿಮೆಂಬರ್ ಹಿಸ್ ಫೇಸ್... ತಮ್ಮೂರು ಯಾವ ಪುಟದಲ್ಲಿದೆ ಎಂದು ಕೊನೆಗೂ ಗೊತ್ತಾದ ಹುಡುಗನ ಮುಖ.

ಏಳುವಾಗ ತಾಯಿ ಅಂದರು, "ಇವ್ರ ಪರೀಕ್ಷಾ ಮುಗೀಲಿ. ಅಲ್ಲೀತನಕ ಮನಿ ಬಾಗಲಕ್ಕ ಕಂಬಳಿ ಕಟ್ಟು. ನಾ ಇರ್ತೀನಿ."

ಪರೀಕ್ಷೆ ಮುಗಿದ ದಿನ ಹತ್ತನೇ ಕ್ಲಾಸಿನವರು ಡೊಳ್ಳು ಬಾರಿಸುತ್ತ ಬಾಗಿಲನ್ನು ಹೊತ್ತು ಸರ್ ಮನೆಗೆ ಮುಟ್ಟಿಸಿದರು. ನಾನೂ ಸ್ಯಾಂಡಲ್ ಕೈಯಲ್ಲಿ ಹಿಡಿದು ಹಿಂದೆ ಹಿಂದೆ ನಡೆದೆ. ನನ್ನ ಸಿಸ್ಟರುಗಳು ನೋಡಿದ್ದರೆ!

ಸರ್ ಈಗ ಇಲ್ಲ. ತಾಯಿಯಂತೂ ಎಂದೋ ಹೋದರು. ಹೊಸ ಊರು ಅನ್ನುತ್ತಿದ್ದುದೂ ಹಳೇ ಊರಾಗಿದೆ.

ಕೊನೆಯ ಸಲ ಅವರನ್ನು ಕಂಡದ್ದು ಇಬ್ಬರೂ ರಿಟೈರ್ ಆದ ಮೇಲೆ. ಬೀಳಗಿಯಲ್ಲಿ ಮದುವೆ ಮುಗಿಸಿಕೊಂಡು, ಹಾದಿಯಲ್ಲಿ ಇಳಿದು ಅವರ ಮನೆಗೆ ಹೋದೆ. ಅಗಳಿ ಎಳೆದ ಸಪ್ಪಳಕ್ಕೇ ನಗು ಬಂತು. ಚಹಾ ಆಯಿತು, ಹಳೇ ಹುಡುಗರ ಸುದ್ದಿಯಾಯಿತು. ಹೊರಡುವಾಗ ಸರ್ ಒಳಗಿನಿಂದ ಕುಡಗೋಲು ತಂದು ಚೌಕಟ್ಟಿನ ಮೇಲೆ ಒಂದು ಸಣ್ಣ ಗೀರು ಹಾಕಿದರು.

"ನೀವು ಬಂದ್ರಲ್ಲ ಅಕ್ಕೋರ, ಅದಕ್ಕ."

ಬಸ್ ಸ್ಟಾಪು ಎದುರಿಗೇ ಇತ್ತು. ಬಸ್ಸು ಬಂದು, ನಾನು ಹತ್ತಿ, ಅದು ಮೂಲೆ ತಿರುಗುವವರೆಗೂ ಕಿವಿಗೊಟ್ಟೇ ಇದ್ದೆ. ಅಗಳಿಯ ಸಪ್ಪಳ ಬರಲಿಲ್ಲ. ಸರ್ ಹೊಸ್ತಿಲ ಮೇಲೆ ನಿಂತೇ ಇದ್ದರು, ಕುಡಗೋಲು ಹಿಡಿದ ಕೈಯನ್ನೇ ಮೇಲೆತ್ತಿ ಬೀಸುತ್ತ.