ಗೇಟಿನೆದುರು ನಿಲ್ಲದ ಬಸ್ಸು

ಆ ತಿರುವು ಬಂದಾಗ ಈಗಲೂ ನನ್ನ ಬಲಗಾಲು ಬಸ್ಸಿನ ನೆಲವನ್ನು ಒತ್ತುತ್ತದೆ. ಅಲ್ಲಿ ಬ್ರೇಕ್ ಇಲ್ಲ ಎಂದು ಕಾಲಿಗೆ ಇನ್ನೂ ಗೊತ್ತಾಗಿಲ್ಲ. ಬಂಟ್ವಾಳದಿಂದ ಸಿದ್ಧಕಟ್ಟೆ ದಾರಿಯಾಗಿ ಮೂಡುಬಿದಿರೆಯ ಕಾಲೇಜಿಗೆ ಪಾಠ ಮಾಡಲು ದಿನಾ ಹೋಗುವವಳು ನಾನು. ಎಡಬದಿಯ ಮೊದಲ ಸೀಟು ನನ್ನದೆಂದೇ ರೂಢಿ. ಕಾಲಿಗೆ ಈ ಅಭ್ಯಾಸ ಹಿಡಿದ ದಿನವೂ ಅಲ್ಲೇ ಕೂತಿದ್ದೆ.

ನಮ್ಮ ಬಸ್ಸಿಗೆ ಹೊಸ ಡ್ರೈವರ್ ಬಂದಿದ್ದರು. ಸೈನ್ಯದಲ್ಲಿ ಲಾರಿ ಓಡಿಸುತ್ತಿದ್ದವರು, ಹೆಚ್ಚಾಗಿ ಹಿಮದ ದಾರಿಗಳಲ್ಲಿ. ನಿವೃತ್ತರಾದ ಮೇಲೆ ಚೆನ್ನೈಯ ಕಾರ್ಖಾನೆಯೊಂದರಲ್ಲಿ ಸೆಕ್ಯುರಿಟಿ ಕೆಲಸ ಸಿಕ್ಕಿತ್ತು, ಹೋಗಿರಲಿಲ್ಲ. "ಮಗಳು ನನ್ನನ್ನು ರಜೆಯಲ್ಲಿ ಮಾತ್ರ ನೋಡಿದ್ದು ಟೀಚರ್. ಇನ್ನು ಸಂಜೆ ಮನೆಗೆ ಹೋಗುವ ಕೆಲಸ ಬೇಕು, ಅಷ್ಟೇ," ಎಂದು ಒಮ್ಮೆ ನನ್ನಲ್ಲಿ ಹೇಳಿದ್ದರು. ಈ ಬಸ್ಸು ಕೈತಪ್ಪಿದರೆ ಚೆನ್ನೈಯೇ ಗತಿ; ಆ ಕೆಲಸ ಇನ್ನೂ ಇವರಿಗಾಗಿ ಕಾದಿತ್ತು.

ಕೈತಪ್ಪುವ ಲಕ್ಷಣವೇ ಕಾಣುತ್ತಿತ್ತು. ಖಾಸಗಿ ಬಸ್ಸಿಗೆ ಟೈಮೇ ಪ್ರಾಣ; ತಡವಾದರೆ ಹಿಂದಿನ ಬಸ್ಸು ಮುಂದೆ ಹೋಗಿ ನಮ್ಮ ಜನರನ್ನೂ ಹತ್ತಿಸಿಕೊಳ್ಳುತ್ತದೆ. ಇವರೋ ಮುಂದಿನ ವಾಹನಕ್ಕೆ ಸೈನ್ಯದ ಲಾರಿಗಳ ಸಾಲಿನಲ್ಲಿ ಬಿಡುವಷ್ಟು ದೊಡ್ಡ ಅಂತರ ಬಿಡುತ್ತಿದ್ದರು. ಕಿರಿದಾದ ಸೇತುವೆ ಬಂದರೆ ಎದುರಿನವರಿಗೆ ದಾರಿ ಕೊಟ್ಟು ಕಾಯುತ್ತಿದ್ದರು. ನಾವೆಲ್ಲ ಕಾಕ ಎಂದು ಕರೆಯುವ ಹಳೆಯ ಕಂಡಕ್ಟರ್ ಇವರಿಗೆ ಮೇಜರ್ ಎಂದು ಹೆಸರಿಟ್ಟಿದ್ದರು.

"ಮೇಜರ್ರೇ, ಎದುರು ಶತ್ರು ಇಲ್ಲ, ಹೋಗುವ."

"ಅವ ಮೊದಲು ಬಂದದ್ದು ಕಾಕಾ. ದಾರಿ ಅವನದ್ದು."

"ದಾರಿ ಅವನದ್ದು, ಜನ ಹಿಂದಿನ ಬಸ್ಸಿನದ್ದು. ಮತ್ತೆ ನಮ್ಮದು ಎಂತ ಉಂಟು ಮಾರಾಯ್ರೆ?"

ಬಸ್ಸಿಡೀ ನಗುತ್ತಿತ್ತು. ಆದರೆ ತಡಕ್ಕೆ ನಾವೂ ಕಾರಣ. ನಮ್ಮ ಕಡೆ ಒಂದು ರೂಢಿಯಿದೆ: ಅವರವರ ಗೇಟಿನೆದುರು ನಿಂತು ಕೈ ಅಡ್ಡ ಹಿಡಿದರೆ ಬಸ್ಸು ನಿಲ್ಲಬೇಕು. ಮೂಡುಬಿದಿರೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ಅಕ್ಕ ಒಬ್ಬರು ಜಗಲಿಯಿಂದಲೇ ಕೈ ತೋರಿಸಿ, ಆಮೇಲೆ ಬಾಗಿಲಿಗೆ ಬೀಗ ಹಾಕಿ, ಚಪ್ಪಲಿ ಹುಡುಕುತ್ತಿದ್ದರು. ಬಸ್ಸು ಕಾಯುತ್ತಿತ್ತು. ಹತ್ತಿ ಕೂತ ಮೇಲೆ, "ಇವತ್ತೂ ಲೇಟಾ?" ಎಂದು ಅವರೇ ಕೇಳುತ್ತಿದ್ದರು.

ಈ ವಾರ ಟೈಮ್ ಸರಿಯಾಗದಿದ್ದರೆ ಬೇರೆ ಡ್ರೈವರನ್ನು ಹಾಕುತ್ತೇನೆಂದು ಬಸ್ಸಿನ ಧಣಿ ಹೇಳಿ ಕಳಿಸಿದರು. ಮರುದಿನ ಇವರು ಉಳಿದ ಬಸ್ಸಿನವರ ಹಾಗೆಯೇ ಅವಸರದಲ್ಲಿ ಓಡಿಸಿದರು. ಸಿದ್ಧಕಟ್ಟೆ ದಾಟಿದ ಮೇಲೆ ಹಿಂದಿನ ಬಸ್ಸು ನಮ್ಮನ್ನು ಹಿಂದೆ ಹಾಕಿತು. ಅದನ್ನು ಮತ್ತೆ ಹಿಂದಿಕ್ಕಲು ತಿರುವಿನಲ್ಲೇ ಬಲಕ್ಕೆ ಹೊರಳಿಸಿದರು. ಎದುರಿನಿಂದ ಕೆಂಪುಕಲ್ಲು ತುಂಬಿದ ಟಿಪ್ಪರ್ ಬಂತು.

ನನಗೆ ಕಂಡದ್ದು ಟಿಪ್ಪರಿನ ಮುಂದೆ ಕಟ್ಟಿದ್ದ ಒಣಗಿದ ಲಿಂಬೆಹಣ್ಣು. ಅದು ದೊಡ್ಡದಾಗುತ್ತಾ ಬಂತು. ಬ್ರೇಕಿನ ಸದ್ದು, ಎಡಕ್ಕೆ ಎಳೆದ ಹಾಗೆ ಒಂದು ಜಗ್ಗು, ಟಿಪ್ಪರ್ ಉಜ್ಜಿ ದಾಟಿ ಹೋಗುವಾಗ ಬಲಗಡೆಯ ಕನ್ನಡಿ ಒಡೆದ ಸದ್ದು. ಬಸ್ಸು ಚರಂಡಿಯ ಅಂಚಿನಲ್ಲಿ ವಾಲಿ ನಿಂತಿತು. ಯಾರದೋ ಬುತ್ತಿಯ ಡಬ್ಬಿ ಉರುಳಿಕೊಂಡು ನನ್ನ ಕಾಲ ಬಳಿ ಬಂದು ನಿಂತಿತು. 

ಡ್ರೈವರ್ ಇಳಿದು ಒಂದೊಂದೇ ಚಕ್ರ ನೋಡಿ ಬಂದರು. "ಯಾರಿಗೂ ಪೆಟ್ಟಾಗಲಿಲ್ಲ ಅಲ್ವಾ?" ಎಂದು ಕೇಳಿ, ಕಂಡಕ್ಟರಿಗೆ ಹೇಳಿದರು: "ಸಂಜೆ ಕೀ ಕೊಡ್ತೇನೆ ಕಾಕಾ. ಹೀಗೆ ಓಡಿಸ್ಲಿಕ್ಕೆ ನನ್ನಿಂದ ಆಗುದಿಲ್ಲ."

"ಹಾಗಾದ್ರೆ ಚೆನ್ನೈಯಾ?"

"ಮತ್ತೆಂತ ಮಾಡುದು?"

 ಹಿಂದಿನ ಸೀಟಿನಿಂದ ಹೊಲಿಗೆಯ ಅಕ್ಕನ ಸ್ವರ ಕೇಳಿಸಿತು. "ಕೀ ಕೊಡುದು ಬೇಡ. ನಾಳೆಯಿಂದ ನಾನು ಗೇಟಲ್ಲಿ ಕೈ ಹಿಡಿಯುದಿಲ್ಲ. ಅಶ್ವತ್ಥಕಟ್ಟೆಗೆ ಬಂದು ನಿಲ್ತೇನೆ."

"ನೀವಾ? ನಿಮ್ಮ ಚಪ್ಪಲಿಗೇ ಒಂದು ಸ್ಟಾಪ್ ಬೇಕು," ಎಂದರು ಕಾಕ.

"ಹಾಕಿಕೊಂಡೇ ಬರ್ತೇನೆ ಮಾರಾಯ್ರೆ."

ವಾಲಿದ ಬಸ್ಸಿನಿಂದ ಇಳಿದು ರಸ್ತೆಬದಿಯಲ್ಲೇ ನಿಂತು ಮಾತಾಡಿದೆವು. ಹತ್ತಿರದ ಮನೆಗಳವರೆಲ್ಲ ಒಂದೇ ಕಡೆ ಸೇರಿ ಹತ್ತುವುದು. ಕೆಲವರು ಕಟ್ಟೆಯ ಬಳಿ, ಕೆಲವರು ಶಾಲೆಯ ಬಳಿ, ಉಳಿದವರು ಹಾಲಿನ ಡೈರಿಯ ಎದುರು. ಮುದುಕರಿಗೂ ಹೊರೆ ಇದ್ದವರಿಗೂ ಗೇಟಿನಲ್ಲೇ ನಿಲ್ಲಿಸುವುದು. ಡ್ರೈವರ್ ಎಲ್ಲವನ್ನೂ ಕೇಳಿ, "ಒಂದು ವಾರ ನೋಡುವ," ಎಂದರು.

ಮೊದಮೊದಲು ಕೆಲವರು ಮರೆತರು. ಒಬ್ಬರು ಗೇಟಿನಿಂದ ಕೈ ಹಿಡಿದಾಗ ಹೊಲಿಗೆಯ ಅಕ್ಕ ಕಿಟಕಿಯಿಂದ, "ಡೈರಿಗೆ ಓಡಿ ಅಣ್ಣಾ, ಅಲ್ಲಿ ನಿಲ್ತದೆ," ಎಂದರು. ಅವರು ಬೈಯುತ್ತಲೇ ಓಡಿ ಬಂದರು. ಡ್ರೈವರ್ ಮೊದಲಿನಂತೆ ಅಂತರ ಬಿಟ್ಟೇ ಓಡಿಸಿದರು, ಸೇತುವೆಯಲ್ಲೂ ಕಾದರು. ಆದರೂ ಮೂಡುಬಿದಿರೆಗೆ ಟೈಮಿಗೆ ಸರಿಯಾಗಿ ತಲುಪಿದೆವು. ಧಣಿಯಿಂದ ಮತ್ತೆ ಮಾತು ಬರಲಿಲ್ಲ.

ಒಂದು ಬೆಳಿಗ್ಗೆ ನಾನು ಹತ್ತುವಾಗ ಅವರು ಹೇಳಿದರು: "ಚೆನ್ನೈಗೆ ಫೋನ್ ಮಾಡಿದೆ ಟೀಚರ್. ಬರುದಿಲ್ಲ ಅಂತ ಹೇಳಿದೆ."

ಅಂದೂ ಆ ತಿರುವಿನಲ್ಲಿ ನನಗೆ ಲಿಂಬೆಹಣ್ಣು ಕಂಡಿತು. ಎದುರು ಯಾವ ವಾಹನವೂ ಇರಲಿಲ್ಲ. ನಾನು ಮುಂದಿನ ಕಂಬಿ ಹಿಡಿದದ್ದನ್ನು ನೋಡಿ ಕಾಕ, "ಬಿಡಿ ಟೀಚರ್, ಮುರಿದೀತು, ಕಂಬಿ ಧಣಿಯದ್ದು," ಎಂದರು. ಡ್ರೈವರ್ ನಗಲಿಲ್ಲ. ಗೇರ್ ಇಳಿಸಿದರು, ಉದ್ದಕ್ಕೆ ಹಾರ್ನ್ ಹಾಕಿದರು, ರಸ್ತೆಯ ಎಡ ಅಂಚಿನಲ್ಲೇ ನಿಧಾನವಾಗಿ ತಿರುವು ದಾಟಿದರು.