ಅಂಗಳದಲ್ಲಿ ಕೂತವರು, ಒಳಗೆ ಕೂತವರು

ನಮ್ಮ ಕಡೆ ಕಾಫಿ ವ್ಯಾಪಾರ ಅಂಗಡಿಯಲ್ಲಿ ಕುದುರುತ್ತದೆ ಎಂದು ತಿಳಿದವರು ಹೊರಗಿನವರೇ ಇರಬೇಕು. ಅಂಗಡಿಯಲ್ಲಿ ತೂಕ ಆಗುತ್ತದೆ, ಅಷ್ಟೆ. ಯಾರ ಕಾಫಿ ಯಾರಿಗೆ ಹೋಗಬೇಕು, ಯಾವ ಎಸ್ಟೇಟಿಗೆ ಯಾರು ಮ್ಯಾನೇಜರ್, ಯಾರ ಅಳಿಯನಿಗೆ ಎಲ್ಲಿ ಕೆಲಸ, ಇದೆಲ್ಲ ತೀರ್ಮಾನವಾಗುವುದು ಕ್ಲಬ್ಬಿನ ಇಸ್ಪೀಟು ಮೇಜಿನಲ್ಲಿ, ಇಲ್ಲವಾದರೆ ಸಾವಿನ ಮನೆಯ ಅಂಗಳದಲ್ಲಿ. ಕ್ಲಬ್ಬಿನೊಳಗೆ ನನ್ನಂಥವಳಿಗೆ ಜಾಗವಿರಲಿಲ್ಲ. ಸಾವಿಗೆ ಮಾತ್ರ ಯಾರೂ ಕರೆಯುವುದಿಲ್ಲ, ಬಂದವರನ್ನು ಯಾಕೆ ಬಂದೆ ಎಂದು ಕೇಳುವುದೂ ಇಲ್ಲ. ಹಾಗಾಗಿ ನಾನು ಸಾವಿನ ಮನೆಗಳಿಗೆ ಹೋದೆ.

ಮೂಡಿಗೆರೆಯ ಕಾಫಿ ವ್ಯಾಪಾರಿಯೊಬ್ಬರ ಕಚೇರಿಗೆ ನಾನು ಸೇರಿದ್ದು ಲೆಕ್ಕ ಬರೆಯಲು. ಕೆಲವು ವರ್ಷಗಳಲ್ಲಿ ಲೆಕ್ಕದ ಮೇಜಿನಿಂದ ಎದ್ದು ಖರೀದಿಯ ಕಡೆಗೆ ಬಂದೆ. ಬೆಳೆಗಾರರು ತಂದ ಸ್ಯಾಂಪಲ್ ನೋಡಿ ತೇವ ಎಷ್ಟು, ಕಪ್ಪು ಬೀಜ ಎಷ್ಟು, ರೇಟು ಎಷ್ಟು ಕೊಡಬಹುದು ಎಂದು ಹೇಳುವ ಕೆಲಸ. ಅದರಲ್ಲಿ ನನ್ನನ್ನು ಯಾರೂ ತಪ್ಪು ಹಿಡಿಯುವ ಹಾಗಿರಲಿಲ್ಲ. ಆದರೂ ಮೇಲಿನ ಕುರ್ಚಿ ಖಾಲಿಯಾದಾಗೆಲ್ಲ ಅದರಲ್ಲಿ ಬೇರೆ ಯಾರೋ ಕೂರುತ್ತಿದ್ದರು. ಒಮ್ಮೆ ರೇಗಿ ಹೋಗಿ ಮಾಲೀಕರನ್ನೇ ಕೇಳಿದೆ.

"ನಿಮಗೆ ಕಾಫಿ ಗೊತ್ತಮ್ಮ, ಅದರಲ್ಲಿ ಎರಡು ಮಾತಿಲ್ಲ," ಎಂದರು. "ಆದ್ರೆ ಜನ ಗೊತ್ತಿರ್ಬೇಕಲ್ಲ. ಜನ ಇಲ್ದೆ ಮ್ಯಾನೇಜರ್ ಆಗಿ ಎಂತ ಮಾಡ್ತೀರಿ?"

ಮಾಲೀಕರು ಕೆಟ್ಟವರಲ್ಲ. ಹಬ್ಬಕ್ಕೆ ಸೀರೆ ಕೊಡುತ್ತಿದ್ದರು, ಮಗಳ ಫೀಸು ಕಟ್ಟುವ ಹೊತ್ತಿಗೆ ಕೇಳದೆಯೇ ಮುಂಗಡ ಕೊಡುತ್ತಿದ್ದರು. ಆದರೆ ಆ ಮಾತು ಮಾತ್ರ ಮುಳ್ಳು ಮುರಿದಂತೆ ಒಳಗೇ ಉಳಿಯಿತು. ಜನ ಬೇಕಾ, ಇರಲಿ, ಜನರನ್ನೇ ತರುತ್ತೇನೆ ಎಂದುಕೊಂಡೆ.

ಮೊದಲ ಸಲ ಹಾಗೆ ಜನ ಸಿಕ್ಕಿದ್ದು ನಾನು ಅಂದುಕೊಂಡು ಮಾಡಿದ್ದರಿಂದಲ್ಲ. ನನ್ನ ತವರು ಕಳಸದ ಹತ್ತಿರ. ಅಲ್ಲಿ ನಮ್ಮ ಮನೆಗೆ ಬೇಕಾದವರೊಬ್ಬರು, ಸಣ್ಣ ಬೆಳೆಗಾರರು, ಕೊಯ್ಲಿನ ನಡುವೆ ತೀರಿಕೊಂಡರು. ನಾನೂ ನಮ್ಮನೆಯವರೂ ನಮ್ಮ ಪಿಕಪ್ಪಿನಲ್ಲೇ ಹೋದೆವು. ನಮ್ಮನೆಯವರು ಬಾಡಿಗೆಗೆ ಪಿಕಪ್ ಓಡಿಸುತ್ತಿದ್ದರು. ಹೋಗುವಷ್ಟರಲ್ಲಿ ಅಂಗಳದಲ್ಲಿ ಒಣ ಹಾಕಿದ್ದ ಕಾಫಿ ಹಣ್ಣನ್ನೆಲ್ಲ ಯಾರೋ ಬಾಚಿ ಮೂಲೆಗೆ ರಾಶಿ ಹಾಕಿ, ಶಾಮಿಯಾನ ಕಟ್ಟಿ ಕುರ್ಚಿ ಹಾಕಿದ್ದರು. ಗಂಡಸರು ಅಂಗಳದಲ್ಲಿ, ಹೆಂಗಸರು ಒಳಗೆ ಹೆಣದ ಸುತ್ತ. ಇದು ಯಾರೂ ಹೇಳಿಕೊಡದ ನಿಯಮ, ಯಾರೂ ಮೀರುವುದೂ ಇಲ್ಲ. ನಾನು ಒಳಗೆ ಹೋಗಿ ಗಂಡನ ತಲೆಯ ಹತ್ತಿರ ಕೂತಿದ್ದ ಆ ಮನೆಯ ಅಕ್ಕನ ಕೈ ಹಿಡಿದೆ. ಅವರು ಅಳುತ್ತಲೇ ನನ್ನ ಕಿವಿಯಲ್ಲಿ ಹೇಳಿದ್ದು ಇದು:

"ಮಾರಾಯ್ತಿ, ಅಲ್ಲಿ ರಾಶಿ ಹಾಕಿದ ಹಣ್ಣು ಬಿಸಿ ಆಗ್ತಿರ್ತದೆ. ಬೂಸ್ಟು ಬಂದ್ರೆ ಮುಗೀತು. ಯಾರಿಗಾದ್ರೂ ಒಂಚೂರು ಹರವಕ್ಕೆ ಹೇಳು. ನಾನೇ ಹೇಳಿದ್ರೆ ಜನ ಎಂತ ಅಂದ್ಕೊಳಲ್ಲ?"

ನಾನು ಕಿಟಕಿಯ ಹತ್ತಿರ ಹೋಗಿ ನಮ್ಮನೆಯವರಿಗೆ ಸನ್ನೆ ಮಾಡಿದೆ. ಅವರು ಪಂಚೆ ಎತ್ತಿ ಕಟ್ಟಿ, ಒಬ್ಬರ ಜೊತೆಯೂ ಚರ್ಚೆ ಮಾಡದೆ, ಹಿತ್ತಲಿಗೆ ಟಾರ್ಪಾಲು ಹಾಸಿ ಅಷ್ಟನ್ನೂ ಹೊತ್ತು ಹರವಿದರು. ಆ ಅಕ್ಕ ತಿಥಿ ಕಳೆದ ಮೇಲೆ ಫೋನ್ ಮಾಡಿ, "ನನ್ನ ಕಾಫಿ ನೀನೇ ತಗೋ. ಬೇರೆ ಯಾರ ಹತ್ರ ಮಾತಾಡಕ್ಕೂ ನಂಗೆ ಧೈರ್ಯ ಇಲ್ಲ," ಎಂದರು.

ಅಲ್ಲಿಂದ ಶುರುವಾಯಿತು. ಅಂಗಳದಲ್ಲಿ ಕೂತ ಗಂಡಸರು ತೋಟದ ವಿಷಯ ಮಾತಾಡುವಾಗ, ತೋಟ ಯಾರ ಕೈಗೆ ಬಂತೋ ಆ ಹೆಂಗಸು ಒಳಗೆ ಕೂತಿರುತ್ತಾಳೆ. ಅವಳಿಗೆ ರೇಟು ಗೊತ್ತಿಲ್ಲ, ಕೇಳಲು ನಾಚಿಕೆ. ಮೈದುನನನ್ನು ಕೇಳಿದರೆ ಅವನು ಹೇಳಿದ್ದೇ ರೇಟು. ನಾನು ಹೇಳಿಕೊಡುತ್ತಿದ್ದೆ. ತೇವ ನೋಡದೆ ಕೊಡಬೇಡಿ, ಮೆಣಸನ್ನು ಕಾಫಿಯ ಜೊತೆಗೇ ಮಾರಬೇಡಿ, ಕಾಯಿರಿ. ಕಳಸ, ಹೊರನಾಡು, ಕುದುರೆಮುಖದ ದಾರಿ, ಹೀಗೆ ಒಬ್ಬರಿಂದ ಒಬ್ಬರಿಗೆ ನನ್ನ ನಂಬರು ಹೋಯಿತು. ವಾಟ್ಸಾಪಿನಲ್ಲಿ ಒಂದು ಗುಂಪು ಮಾಡಿದೆ. ಬೆಳಿಗ್ಗೆ ರೇಟು ಬಂದ ಕೂಡಲೇ ನನ್ನ ದನಿಯಲ್ಲೇ ಓದಿ ಕಳಿಸುತ್ತಿದ್ದೆ, ಕಣ್ಣು ಕಾಣದ ಅಜ್ಜಿಯರೂ ಇದ್ದರಲ್ಲ. ಕಚೇರಿಯಲ್ಲಿ ಕೆಲವರು ನನಗೆ ರಣಹದ್ದು ಎಂದು ಹೆಸರಿಟ್ಟಿದ್ದರಂತೆ. ಇಟ್ಟುಕೊಳ್ಳಲಿ ಬಿಡಿ. ನಾಯಿ ಬೊಗಳಿದರೆ ದೇವಲೋಕ ಹಾಳಾ?

ಆದರೆ ಅರ್ಧ ಕೆಲಸ ನನ್ನದು, ಇನ್ನರ್ಧ ನಮ್ಮನೆಯವರದು. ನಾನು ಒಳಗೆ ಕೂತಷ್ಟು ಹೊತ್ತು ಅವರು ಅಂಗಳದಲ್ಲಿ ಕೂರುತ್ತಿದ್ದರು. ವಾಪಸು ಬರುವಾಗ ದಾರಿಯುದ್ದಕ್ಕೂ ವರದಿ. ಯಾವ ವ್ಯಾಪಾರಿಯ ಮೇಲೆ ಯಾರಿಗೆ ಸಿಟ್ಟು, ಯಾರು ಹಣ್ಣಿನ ಸಿಪ್ಪೆ ತೆಗೆದು ಪಾರ್ಚ್‌ಮೆಂಟ್ ಮಾಡುವುದನ್ನು ಬಿಟ್ಟು ಹಣ್ಣನ್ನೇ ಒಣಗಿಸಿ ಮಾರಲು ಹೊರಟಿದ್ದಾರೆ, ಯಾವ ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ನೋಡುವ ರೈಟರ್ ಕೆಲಸ ಬಿಟ್ಟ. ನನ್ನ ವಿಷಯ ಬಂದರೆ ಅವರೇ ಎರಡು ಮಾತು ಸೇರಿಸುತ್ತಿದ್ದರು: "ನಮ್ಮನೆಯವಳಿಗೆ ಒಂದು ಫೋನ್ ಮಾಡಿ ನೋಡಿ, ಮೋಸ ಇಲ್ಲ."

"ನಿನ್ನ ಕಂಪನಿಗೆ ಅಂಗಳದ ಬ್ರಾಂಚ್ ಮ್ಯಾನೇಜರ್ ನಾನು," ಎಂದು ನಗುತ್ತಿದ್ದರು. "ನಂಗೂ ಒಂದು ಸಂಬಳ ಕೊಡ್ಸೆ ಮಾರಾಯ್ತಿ. ಕೂತು ಕೂತು ಬೆನ್ನು ಹೋಯ್ತು, ಎಲೆ ಅಡಿಕೆ ಹಾಕಿ ಹಾಕಿ ಹಲ್ಲೂ ಹೋಯ್ತು."

"ಹಲ್ಲು ಹೋಗಿದ್ದು ನಿಮ್ಮ ಚಟಕ್ಕೆ. ನನ್ನ ತಲೆಗೆ ಕಟ್ಬೇಡಿ," ಎಂದು ನಾನು ಬೈಯುತ್ತಿದ್ದೆ.

ಕಳಸದಲ್ಲಿ ಬ್ರಾಂಚ್ ತೆರೆಯುವ ಮಾತು ಬಂದಾಗ ಮಾಲೀಕರಿಗೆ ನನ್ನ ಹೆಸರು ಬಿಟ್ಟು ಬೇರೆ ಹೆಸರು ಹೊಳೆಯಲು ಸಾಧ್ಯವೇ ಇರಲಿಲ್ಲ. ಅಲ್ಲಿನ ಹೆಂಗಸರು ಇದ್ದದ್ದು ನನ್ನ ಕೈಯಲ್ಲಿ. "ಈ ಸೀಸನ್ನಿಗೆ ತೆಗೆಯೋಣ, ನೀವು ತಯಾರಿರಿ," ಎಂದಿದ್ದರು. ನನ್ನ ತವರಿನ ಪೇಟೆಯಲ್ಲಿ, ಬೋರ್ಡಿನ ಕೆಳಗೆ, ಮ್ಯಾನೇಜರ್ ಎಂದು ಬರೆದ ಮೇಜಿನ ಹಿಂದೆ ನಾನು ಕೂರುವುದು. ಆಸೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಎಷ್ಟು ಆಸೆ ಇತ್ತೆಂದರೆ, ನಮ್ಮನೆಯವರ ಜೊತೆ ಹೋಗಿ ಬಾಡಿಗೆಗೆ ಕೋಣೆ ಕೂಡ ನೋಡಿ ಬಂದಿದ್ದೆ.

ಕೊಯ್ಲು ಶುರುವಾಗುವುದಕ್ಕೆ ಸ್ವಲ್ಪ ಮುಂಚೆ, ಒಂದು ಬೆಳಿಗ್ಗೆ, ಪಿಕಪ್ ತೊಳೆಯುತ್ತಿದ್ದವರು ಹಾಗೇ ಅದರ ಚಕ್ರಕ್ಕೆ ಒರಗಿ ಕೂತರು. ನಾನು ಅಡಿಗೆಮನೆಯಿಂದ, "ತಿಂಡಿ ಆರ್ತಾ ಇದೆ, ಅಲ್ಲೆಂತ ಕೂತ್ರಿ?" ಎಂದು ಕೂಗಿದೆ. ನೀರಿನ ಪೈಪು ಸುಮ್ಮನೆ ಹರಿಯುತ್ತಿತ್ತು. ಆಸ್ಪತ್ರೆಗೆ ಒಯ್ದದ್ದು ಶಾಸ್ತ್ರಕ್ಕೆ.

ಮಧ್ಯಾಹ್ನದ ಹೊತ್ತಿಗೆ ನಮ್ಮ ಅಂಗಳದಲ್ಲಿ ಶಾಮಿಯಾನ, ಕೆಂಪು ಪ್ಲಾಸ್ಟಿಕ್ ಕುರ್ಚಿಗಳು. ಅಕ್ಕಪಕ್ಕದವರು ದೊಡ್ಡ ಫ್ಲಾಸ್ಕುಗಳಲ್ಲಿ ಕಾಫಿ ತಂದರು. ಒಳಗೆ ಚಾಪೆಯ ಮೇಲೆ ಅವರು, ತಲೆಯ ಹತ್ತಿರ ದೀಪ, ಪಕ್ಕದಲ್ಲಿ ನಾನೂ ಮಗಳೂ. ಸುತ್ತ ನನ್ನ ಹೆಂಗಸರು. ಕಳಸದಿಂದ, ಹೊರನಾಡಿನಿಂದ ಜೀಪು ಮಾಡಿಕೊಂಡು ಬಂದಿದ್ದರು. ಅಂದು ಹಣ್ಣು ಹರವಲು ಹೇಳಿದ್ದ ಆ ಅಕ್ಕ ನನ್ನ ಕೈ ಬಿಡಲೇ ಇಲ್ಲ. ಇಷ್ಟು ಜನ ನನಗಾಗಿ ಅಳುತ್ತಾರೆ ಎಂದು ನನಗೇ ಗೊತ್ತಿರಲಿಲ್ಲ.

ಕಿಟಕಿಯ ಹೊರಗೆ ಮಾಲೀಕರು ಕೂತಿದ್ದರು. ಅವರ ದನಿ ನನಗೆ ನಿದ್ದೆಯಲ್ಲೂ ಗೊತ್ತಾಗುತ್ತದೆ. ಮೊದಲು ನಮ್ಮನೆಯವರ ಒಳ್ಳೆಯತನದ ಮಾತು. ಆಮೇಲೆ ಮಳೆ, ಆಮೇಲೆ ಕೂಲಿಯಾಳು, ಆಮೇಲೆ ರೇಟು. ಸಾವಿನ ಅಂಗಳದ ಮಾತು ಹೋಗುವುದೇ ಹಾಗೆ.

"ಕಳಸದ ಬ್ರಾಂಚಿಗೆ ಇವ್ರನ್ನೇ ಹಾಕ್ತೀರಿ ಅಂತ ಸುದ್ದಿ ಇತ್ತಲ್ಲ?" ಎಂದು ಯಾರೋ ಬೆಳೆಗಾರರು ಕೇಳಿದರು.

"ಹಂಗೇ ಅಂದ್ಕೊಂಡಿದ್ದೆ," ಮಾಲೀಕರು ಹೇಳಿದರು. "ಈಗ ಹೆಂಗೆ ಹೇಳೋದು ಮಾರಾಯ್ರೆ? ಜೊತೆಗೆ ಓಡಾಡ್ತಿದ್ದ ಪುಣ್ಯಾತ್ಮ ಹೋದ. ಒಬ್ಬರೇ ಘಾಟಿ ದಾರೀಲಿ ಓಡಾಡೋದು, ಗಂಡಸರ ಹತ್ರ ವ್ಯವಹಾರ... ಪಾಪ, ವರ್ಷ ತುಂಬೋ ತನಕ ಹೊರಗೆ ಬರೋದೂ ಕಷ್ಟ."

"ಹೌದೌದು. ಭಾರ ಹೊರಿಸಬಾರ್ದು ಬಿಡಿ."

"ಆ ನಿಮ್ಮ ಖರೀದಿ ಹುಡುಗ ಇದಾನಲ್ಲ, ಚುರುಕಿದಾನೆ," ಎಂದಿತು ಇನ್ನೊಂದು ದನಿ.

"ನಂಗೂ ಹಂಗೇ ಅನ್ನಿಸ್ತು."

ಮುಗಿಯಿತು. ಒಂದು ಎಲೆ ಅಡಿಕೆ ಜಗಿದು ಉಗಿಯುವಷ್ಟರಲ್ಲಿ. ಉರಿಯುವ ಮನೆಯಲ್ಲಿ ಗಳ ಹಿರಿಯುವುದು ಎನ್ನುತ್ತಾರಲ್ಲ, ಅದನ್ನು ನಾನು ಕಿವಿಯಾರೆ ಕೇಳಿದೆ. ಆ ಹುಡುಗ ಎಂದರೆ ನನ್ನ ಕೈಕೆಳಗೆ ಕೆಲಸ ಕಲಿತವನು, ನನ್ನನ್ನು ಅಕ್ಕಾ ಎನ್ನುವವನು. ಅವನು ಆ ಹೊತ್ತಿಗೆ ಹಿತ್ತಲಲ್ಲಿ ಸೌದೆ ಹೊರುತ್ತಿದ್ದ, ಅತ್ತು ಕಣ್ಣು ಕೆಂಪಾಗಿತ್ತು. ಅವನ ಮೇಲೆ ಸಿಟ್ಟು ಮಾಡಲೂ ಆಗಲಿಲ್ಲ ನನಗೆ.

ಸಿಟ್ಟು ಬಂದದ್ದು ಬೇರೆಯದಕ್ಕೆ. ವರ್ಷ ತುಂಬುವ ತನಕ ನಾನು ಒಳಗಿರುತ್ತೇನೆ ಎಂದು ನಾನು ಯಾರಿಗೆ ಹೇಳಿದ್ದೆ? ನನಗೆ ಈಗಲೇ ಕೆಲಸ ಬೇಕು, ಮೊದಲಿಗಿಂತ ಹೆಚ್ಚು ಬೇಕು. ಕಿಟಕಿಗೆ ಹೋಗಿ ಇಷ್ಟು ಹೇಳಿದ್ದರೆ ಸಾಕಿತ್ತು. ನಾನು ನೆಲಕ್ಕೆ ಕೈಯೂರಿದೆ.

"ಏಳ್ಬೇಡ, ಕೂತ್ಕೋ," ಎಂದು ಆ ಅಕ್ಕ ಹೆಗಲು ಒತ್ತಿದರು. "ದೇಹ ಎತ್ತೋ ಮುಂಚೆ ಹೆಂಡ್ತಿ ಪಕ್ಕ ಬಿಟ್ಟು ಏಳ್ಬಾರ್ದು."

"ಅಕ್ಕಾ, ಅವ್ರು ಎಂತ ಹೇಳ್ತಿದಾರೆ ಕೇಳಿದ್ರಾ?"

"ಕೇಳ್ತು. ಈಗ ಅದೆಲ್ಲ ಯೋಚನೆ ಮಾಡ್ಬೇಡ ತಂಗಿ. ಅತ್ತುಬಿಡು."

ಇನ್ನೊಬ್ಬರು ನೀರು ಕುಡಿಸಿದರು. ಮತ್ತೊಬ್ಬರು ಸೆರಗಿನಿಂದ ಮುಖ ಒರೆಸಿದರು. ಎಲ್ಲರಿಗೂ ಕೇಳಿಸಿತ್ತು, ಎಲ್ಲರಿಗೂ ನನ್ನ ಮೇಲೆ ಪ್ರೀತಿಯಿತ್ತು, ಆ ಪ್ರೀತಿಯಲ್ಲೇ ನನ್ನನ್ನು ಹಿಡಿದು ಕೂರಿಸಿದ್ದರು. ನಾನು ಚಾಪೆಯ ಮೇಲಿದ್ದ ನಮ್ಮನೆಯವರ ಮುಖ ನೋಡಿದೆ. ಇರಲಿ, ಅಂಗಳದಲ್ಲಿ ಇನ್ನೇನು ಮಾತಾಯಿತೋ ವಾಪಸು ಹೋಗುವಾಗ ಇವರು ಹೇಳುತ್ತಾರೆ ಎಂದು ಒಂದು ಕ್ಷಣ ಅನ್ನಿಸಿಯೇ ಬಿಟ್ಟಿತು. ಅಭ್ಯಾಸ ನೋಡಿ. ಆಮೇಲೆ ನಾನು ಅತ್ತ ಅಳುವಿಗೆ ಹೊರಗಿನವರು ಕೂಡ ಮಾತು ನಿಲ್ಲಿಸಿದರು.

ತಿಥಿ ಮುಗಿಸಿ ಕಚೇರಿಗೆ ಹೋಗುವಷ್ಟರಲ್ಲಿ ಕಳಸದ ಬೋರ್ಡು ಬರೆಸಿಯಾಗಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನಾನು ಮಾಲೀಕರನ್ನು ಕೇಳಿದೆ. ಬಿಡುವವಳಲ್ಲ ನಾನು. "ನಿಮ್ಮ ಒಳ್ಳೇದಕ್ಕೇ ಅಮ್ಮ," ಎಂದರು, ಅವರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಅಂಥವರ ಜೊತೆ ಜಗಳ ಆಡುವುದು ಹೇಗೆ ಹೇಳಿ.

ನನ್ನ ಹೆಂಗಸರು ಏನು ಮಾಡುತ್ತಾರೆ ಎಂಬುದೊಂದು ಸಣ್ಣ ಆಸೆ ಉಳಿದಿತ್ತು. ಅವರ ಕಾಫಿ ಬಾರದಿದ್ದರೆ ಆ ಬ್ರಾಂಚಿಗೆ ಬೀಗವೇ. ಆಗ ನನ್ನನ್ನು ಕರೆಯಲೇಬೇಕಲ್ಲ. ಸೀಸನ್ ನಡುವೆ ಆ ಅಕ್ಕ ಫೋನ್ ಮಾಡಿದರು, ದನಿಯಲ್ಲಿ ಖುಷಿ.

"ನಮ್ಮವರಿಗೆಲ್ಲ ಹೇಳಿ ಅಲ್ಲಿಗೇ ಹಾಕ್ಸಿದೀನಿ ತಂಗಿ, ಒಬ್ಬರನ್ನೂ ಬೇರೆ ಕಡೆ ಹೋಗಕ್ಕೆ ಬಿಟ್ಟಿಲ್ಲ. ನಿನ್ನ ಕಂಪನಿ ಅಲ್ವಾ? ನಿಂಗೆ ಒಳ್ಳೇ ಹೆಸರು ಬರ್ಲಿ ಅಂತ."

"ಒಳ್ಳೇದಾಯ್ತು ಅಕ್ಕಾ," ಎಂದೆ. ಮೊದಲ ಸೀಸನ್ನಿಗೇ ಕಳಸ ಬ್ರಾಂಚು ತುಂಬಿತು. ಹುಡುಗನಿಗೆ ಶಹಬ್ಬಾಸ್ ಸಿಕ್ಕಿತು.

ಮಾಲೀಕರು ನನ್ನನ್ನೂ ಮರೆಯಲಿಲ್ಲ. ಚಿಕ್ಕಮಗಳೂರಿನ ಹೋಟೆಲೊಂದರಲ್ಲಿ ಉದ್ಯೋಗಸ್ಥ ಮಹಿಳೆಯರಿಗೆಂದು ಒಂದು ದಿನದ ತರಬೇತಿ ಇತ್ತು. ಕಂಪನಿಯ ಖರ್ಚಿನಲ್ಲಿ ನನ್ನನ್ನು ಕಳಿಸಿದರು. ಬ್ಯಾಂಕಿನವರು, ಹೋಮ್‌ಸ್ಟೇ ನಡೆಸುವವರು, ರೆಸಾರ್ಟಿನ ಮ್ಯಾನೇಜರುಗಳು, ಎಲ್ಲರ ಕೊರಳಲ್ಲೂ ಹೆಸರಿನ ಪಟ್ಟಿ. ಬೆಂಗಳೂರಿನಿಂದ ಬಂದ ಹುಡುಗಿ ಚುರುಕಾಗಿ ಮಾತಾಡಿದಳು. ಸಂಪರ್ಕ ಬೆಳೆಸಿ, ಕೈ ಕುಲುಕಿ, ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿ. ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಊಟದ ನಂತರ ಒಂದು ಪ್ರಶ್ನೆ ಹಾಕಿದಳು.

"ನೀವು ಇಲ್ಲದ ಜಾಗದಲ್ಲಿ ನಿಮ್ಮ ಬಗ್ಗೆ ತೀರ್ಮಾನ ಆಗ್ತಾ ಇರುತ್ತೆ. ಅಲ್ಲಿ ಕೂತು ನಿಮ್ಮ ಪರವಾಗಿ ಮಾತಾಡೋರು ಯಾರು? ಒಬ್ಬರ ಹೆಸರು ಹೇಳಿ, ಸಾಕು."

ಒಬ್ಬೊಬ್ಬರೇ ಹೇಳುತ್ತ ಬಂದರು. ಹಳೆಯ ಬಾಸ್, ಕಾಲೇಜಿನ ಗೆಳತಿ, ಅಣ್ಣ. ಮೈಕು ನನ್ನ ಕೈಗೆ ಬಂತು. ನಾನು ಸುಳ್ಳು ಹುಡುಕಿದೆ, ಸಿಗಲಿಲ್ಲ.

"ನಮ್ಮನೆಯವರು," ಎಂದೆ.

"ವಾವ್!" ಎಂದಳು ಆ ಹುಡುಗಿ, ಮುಖ ಅರಳಿಸಿ. "ನೋಡಿ, ಎಷ್ಟು ಜನಕ್ಕೆ ಈ ಭಾಗ್ಯ ಇರುತ್ತೆ? ಇಂಥ ಗಂಡ ಇದ್ರೆ ಯಾವ ಹೆಂಗಸೂ ಹಿಂದೆ ಬೀಳಲ್ಲ. ಅವ್ರಿಗೆ ಒಂದು ಜೋರು ಚಪ್ಪಾಳೆ!"

ಸಭೆಯೆಲ್ಲ ಎದ್ದು ಚಪ್ಪಾಳೆ ತಟ್ಟಿತು. ಅವರಿಗಾಗಿ ಅಷ್ಟು ಜನ ಚಪ್ಪಾಳೆ ಹೊಡೆದದ್ದು ಅದೇ ಮೊದಲು. ನಾನು ಮೈಕನ್ನು ಪಕ್ಕದವರಿಗೆ ಕೊಟ್ಟು, ನಾನೂ ತಟ್ಟಿದೆ.