ವಾರಿಜ ತಪ್ಪು ಮಾಡುವುದಿಲ್ಲ

ನಡೆದದ್ದು ಇಷ್ಟೇ: ಕ್ಯಾನ್ಸರ್ ಬಂದದ್ದು ನನ್ನ ಎದೆಗೆ, ತಲೆ ಕೆಟ್ಟದ್ದು ಮನೆಯವರಿಗೆ. ಗಂಟನ್ನು ಡಾಕ್ಟರು ತೆಗೆದಾಗಿತ್ತು, ಕೀಮೋಗೆ ದಿನವನ್ನೂ ಕೊಟ್ಟಾಗಿತ್ತು. "ಕೀಮೋ ಅಂದರೆ ವಿಷವಂತೆ" ಎಂದು ಗಲ್ಫಿನ ಬಿನ್ ಒಮ್ರಾನ್ ಬಡಾವಣೆಯ ನಮ್ಮ ಫ್ಲಾಟಿಗೆ ಬಂದವರೆಲ್ಲ ನನ್ನೆದುರೇ ಚಹಾ ಕುಡಿಯುತ್ತಾ ಪಿಸುಗುಟ್ಟಿದರು. ನನ್ನ ಕಿವಿಗೇನೂ ಆಗಿರಲಿಲ್ಲ.

ಎಲ್ಲರಿಗಿಂತ ಜೋರು ಮುಐದರ್ ಬಡಾವಣೆಯ ವಾರಿಜ. ಊರಿನಲ್ಲಿ ನೆರೆಯವಳು, ಇಲ್ಲೂ ಬಿಡಲಿಲ್ಲ. ಉಪ್ಪಿನಕಾಯಿ ಬಾಟಲಿಯಲ್ಲಿ ಪಪ್ಪಾಯಿ ಎಲೆಯ ಕಷಾಯ ತಂದಳು. "ಅಕ್ಕ, ಒಂದು ತಿಂಗಳು ಇದನ್ನು ಕುಡಿಯಿರಿ. ಕೀಮೋ ಗೀಮೋ ಎಲ್ಲ ಖಲಾಸ್!" ಇದೇ ಕಷಾಯವನ್ನು ಅವಳು ನನ್ನ ಮಂಡಿನೋವಿಗೂ ತನ್ನ ಗಂಡನ ಗೊರಕೆಗೂ ಕೊಟ್ಟಿದ್ದಳು. ಮಂಡಿ ಇನ್ನೂ ನೋಯುತ್ತಿದೆ, ಗಂಡ ಇನ್ನೂ ಗೊರಕೆ ಹೊಡೆಯುತ್ತಿದ್ದಾನೆ. ಆದರೂ ಸೊಸೆ ಶೋಭಾ, "ಅತ್ತೆ, ಒಂದು ತಿಂಗಳು ನೋಡುವನಾ?" ಎಂದಳು. ನಿಜ ಹೇಳುತ್ತೇನೆ, ನನಗೂ ಹೆದರಿಕೆಯಿತ್ತು. ವಿಷದ ಮುಂದೆ ಕಷಾಯ ಬರೀ ಕಹಿ ತಾನೇ?

ಆಗಲೇ ಮೊಮ್ಮಗಳು ದಿಶಾ ಶಾಲೆಯ ಪ್ರಾಜೆಕ್ಟಿಗೆಂದು ಕ್ಯಾನ್ಸರಿನ ಚರಿತ್ರೆಯ ದಪ್ಪ ಇಂಗ್ಲಿಷ್ ಪುಸ್ತಕ ತಂದಳು. ನಾನು ಓದಿದ್ದು ಮೂರನೇ ಕ್ಲಾಸು. ಅವಳ ಕನ್ನಡ ಅಷ್ಟೂ ಇಲ್ಲ. ಅವಳು ಓದಿ ಹೇಳುತ್ತಾ, ನಾನು ಕೇಳುತ್ತಾ ಹೇಗೋ ದಾಟಿಸಿದೆವು. ಹಿಂದೆ ಗ್ರೀಕ್ ವೈದ್ಯನೊಬ್ಬ ಗಂಟಿನ ಸುತ್ತ ಚಾಚಿದ ನರಗಳನ್ನು ಕಂಡು ರೋಗಕ್ಕೆ ಏಡಿಯ ಹೆಸರಿಟ್ಟನಂತೆ. ಅದು ಕಿವಿಗೆ ಬಿದ್ದದ್ದೇ ತಡ, ಶೋಭಾ ಏಡಿ ಸುಕ್ಕ ಬಂದ್ ಮಾಡಿದಳು. ಹೆಸರಿಟ್ಟವನು ಅವನು, ಬಾಯಿ ಕಟ್ಟಿದ್ದು ನನ್ನದು. ಅವನು ಏಡಿಯ ಕಾಲು ನೋಡಿದ್ದನೇ ಹೊರತು ತಿಂದಿರಲಿಕ್ಕಿಲ್ಲ. ತಿಂದಿದ್ದರೆ ರೋಗಕ್ಕೆ ಆ ಹೆಸರು ಇಡುತ್ತಿದ್ದನೇ?

ಆಮೇಲಿನವರು ಇದೆಲ್ಲ ಕಪ್ಪು ಪಿತ್ತದ ಕೆಲಸ ಎಂದರು. ಶತಮಾನಗಟ್ಟಲೆ ನಂಬಿದರು, ಹೊಟ್ಟೆ ಕೊಯ್ದು ನೋಡಿದರೆ ಕಪ್ಪು ಪಿತ್ತ ಯಾರಲ್ಲೂ ಇಲ್ಲ. ಮತ್ತೆ ಚೂರಿ ಹಿಡಿದವರು ಬಂದರು.

"ಅಜ್ಜಿ, ಅವ್ರು ಕಟ್ ಮಾಡಿದ್ರು. ಮತ್ತೆ ಇನ್ನೂ ಮೋರ್ ಕಟ್ ಮಾಡಿದ್ರು. ಮೋರ್ ಅಂದ್ರೆ ಬೆಟರ್ ಅಂತ."

ಹೆಂಗಸರ ಎದೆಯನ್ನು ಎಲುಬು ಕಾಣುವವರೆಗೆ ಕೊಯ್ದರು, ಬಹಳ ಕಾಲದ ಮೇಲೆ ನೋಡಿದರೆ ಎಷ್ಟೋ ಜನರಿಗೆ ಅಷ್ಟು ಕೊಯ್ಯಬೇಕಾಗಿಯೇ ಇರಲಿಲ್ಲ. ಯುದ್ಧದಲ್ಲಿ ಬಿಟ್ಟ ವಿಷದ ಗಾಳಿ ರಕ್ತದ ಬಿಳಿ ಕಣ ಕೊಲ್ಲುವುದನ್ನು ಕಂಡು, ಅದೇ ಜಾತಿಯ ವಿಷದಿಂದ ಕ್ಯಾನ್ಸರಿಗೆ ಮದ್ದು ಮಾಡಿದರು. ಅಲ್ಲಿಂದ ಶುರುವಾಯಿತಂತೆ ಈ ಕೀಮೋ.

ಕೀಮೋದ ಮುನ್ನಾದಿನ ಸಂಜೆ ಪುಸ್ತಕ ಮುಗಿಯಿತು. "ಇಷ್ಟೊಂದು ತಪ್ಪನ್ನು ಬರೆದಿಟ್ಟವರು ಯಾರು ಮಗಾ?" ಎಂದೆ.

"ಡಾಕ್ಟರ್ಸೇ, ಅಜ್ಜಿ."

ತಾವು ತಪ್ಪಿದ್ದನ್ನು ತಾವೇ ಬರೆದು ತಿದ್ದಿಕೊಂಡ ಜನ ಅವರು. ವಾರಿಜ ಹುಟ್ಟಿದಂದಿನಿಂದ ಒಂದು ತಪ್ಪೂ ಮಾಡಿಲ್ಲ. ನೋವು ಹೋಗದ್ದು ಮಂಡಿಯದೇ ತಪ್ಪು ಎಂದಿದ್ದಳು.

ಮರುದಿನ ಬೆಳಿಗ್ಗೆ ಕಷಾಯವನ್ನು ಬಾಲ್ಕನಿಯ ಕರಿಬೇವಿನ ಗಿಡಕ್ಕೆ ಹೊಯ್ದೆ. ಹೇಗೂ ಬಿಸಿಲಿಗೆ ಸೊರಗಿತ್ತು. ಮಗ ಹರೀಶ ಶೂ ಹುಡುಕುವಷ್ಟರಲ್ಲಿ ಕಾರಿನಲ್ಲಿ ಕೂತು ಹಾರ್ನ್ ಒತ್ತಿದೆ.

"ಯಲ್ಲಾ, ಹೊರಡು ಮಾರಾಯ, ಕೀಮೋಗೆ ತಡವಾಗುತ್ತದೆ. ಬರುವಾಗ ಏಡಿ ತರಲಿಕ್ಕಿದೆ!"